ಗಡ್ಡೆಯ ದಪ್ಪ

ಹದಿನೇಳು ಚಳಿಗಾಲದಿಂದ
ಈ ಸರೋವರದ ಮೇಲಿನ ದಾರಿಗೆ ನಾನೇ ಕಾವಲು.
ಬೆಳಿಗ್ಗೆ ಆರಕ್ಕೆ, ನಕ್ಷತ್ರ ಇನ್ನೂ ಇರುವಾಗ,
ಬೈರಿಗೆ ಹೊತ್ತು ನಡೆದು, ತೂತು ಕೊರೆದು,
ಮಂಜುಗಡ್ಡೆಯ ದಪ್ಪ ಅಳೆದು
ದಡದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ.
ನಲವತ್ತೆರಡು ಅಂದರೆ ನಲವತ್ತೆರಡೇ.
ನಲವತ್ತಕ್ಕಿಂತ ಇಳಿದರೆ ದಾರಿ ಮುಚ್ಚಿದಂತೆ.
ಅಂಚೆಯ ವ್ಯಾನು, ಪಾದ್ರಿಯ ಹಳೇ ಕಾರು,
ಬೆಲ್ಟು ಬಿಚ್ಚಿ ಕೂತ ಶಾಲೆಯ ಮಕ್ಕಳು
ಆ ಅಂಕಿಯ ಮೇಲೆ ಹಾದುಹೋಗುತ್ತಾರೆ.

ಊಟಕ್ಕೆ ಕೂತಾಗ ಹಿಲ್ಲಾ ಕೇಳುತ್ತಿದ್ದದ್ದು ಅದನ್ನೇ:
"ಅಪ್ಪಾ, ಇವತ್ತು ಎಷ್ಟು?"
ಐದು ವರ್ಷದ ಓಯ್ವ ಕೈ ಅಗಲಿಸಿ ತೋರುತ್ತಿದ್ದ:
ಇಷ್ಟಾ? ಇಷ್ಟಾ?

ಜನವರಿಯಲ್ಲಿ ಯೊಯೆನ್ಸೂ ಆಸ್ಪತ್ರೆಯವರು
ಸಿಸ್ಕೊಳ ಹೊಟ್ಟೆಯೊಳಗೂ ಒಂದು ಗಡ್ಡೆ ಎಂದರು.
ಅದನ್ನೂ ಸೆಂಟಿಮೀಟರಿನಲ್ಲೇ ಅಳೆದಿದ್ದರು.
ನನ್ನದು ಬೆಳೆದಷ್ಟೂ ದಾರಿ ಗಟ್ಟಿ.
ಅದು ಬೆಳೆದಷ್ಟೂ...
ಡಾಕ್ಟರು ವಾಕ್ಯ ಮುಗಿಸಿದರು.
ಮನೆಗೆ ಬಂದು ನಾನು ಮುಗಿಸಲಿಲ್ಲ.

ಅಮ್ಮನಿಗೆ ಸುಸ್ತು, ಎಂದೆ.
ಬೇಸಿಗೆಗೆ ಸರಿಹೋಗುತ್ತದೆ, ಎಂದೆ.
ಮಾತ್ರೆಗಳು ಹಿಟ್ಟಿನ ಡಬ್ಬಿಯ ಹಿಂದೆ ಸೇರಿದವು,
ಫೋನಿನ ಮಾತು ಕಟ್ಟಿಗೆ ಗೂಡಿಗೆ.
ತೆರೆದ ಬಾಗಿಲಿಗಿಂತ ಮುಚ್ಚಿದ ಬಾಗಿಲಿನಿಂದ
ಮಕ್ಕಳಿಗೆ ಹೆಚ್ಚು ಕೇಳಿಸುತ್ತದೆ.

ಓಯ್ವ ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದ.
ಹಿಲ್ಲಾ ಒಳ್ಳೆಯವಳಾಗತೊಡಗಿದಳು;
ನನಗೆ ಹೆಚ್ಚು ಭಯವಾದದ್ದು ಅದಕ್ಕೆ.
ಹೇಳದೆ ತಟ್ಟೆ ತೊಳೆದಳು, ತಮ್ಮನ ಜೊತೆ ಜಗಳ ಬಿಟ್ಟಳು,
ಎಷ್ಟು ಅಂತ ಕೇಳುವುದನ್ನೂ ಬಿಟ್ಟಳು.

ಮಾರ್ಚಿಯ ಒಂದು ಭಾನುವಾರ ನನ್ನ ಜೊತೆ ಬಂದಳು,
ಅಳತೆಕೋಲು ತಾನೇ ಇಳಿಸಿದಳು.
ಕಪ್ಪು ನೀರು ಉಕ್ಕಿ ಅವಳ ಬೂಟು ನೆಕ್ಕಿತು.
ಮೂವತ್ತೆಂಟು.
"ನಲವತ್ತು ಅಂತ ಬರೆದುಬಿಡು," ಎಂದಳು,
"ಯಾರಿಗೂ ಬೇಜಾರಾಗುವುದಿಲ್ಲ."
"ಹಾಗೆ ಬರೆದರೆ ಜನ ಮುಳುಗುತ್ತಾರೆ, ಮಗಳೇ."
ಕೋಲು ಒರೆಸಿದಳು. ನನ್ನ ಕಡೆ ನೋಡಲಿಲ್ಲ.
"ಮತ್ತೆ ನಮಗೆ ಯಾಕೆ ಹಾಗೆ ಬರೆದೆ?"

ನಡು ಸರೋವರದಲ್ಲಿ ಎಲ್ಲೋ ಗಡ್ಡೆ ಬಿರಿಯಿತು,
ಉದ್ದಕ್ಕೆ, ಕರು ಕಳಕೊಂಡ ಹಸು ಕೂಗಿದ ಹಾಗೆ.
ಹೊಸಬರು ಆ ಸದ್ದಿಗೆ ಓಡುತ್ತಾರೆ.
ಗಟ್ಟಿ ಇರುವ ಗಡ್ಡೆಯೇ ಹಾಗೆ ಕೂಗುವುದು.
ಒಳಗೇ ಕೊಳೆತದ್ದು ತೆಪ್ಪಗಿರುತ್ತದೆ.

ಆ ಸಂಜೆ ಅಡುಗೆಮನೆಯಲ್ಲಿ ಇಬ್ಬರನ್ನೂ ಕೂರಿಸಿ
ಕ್ಯಾನ್ಸರ್ ಎಂದೆ, ಅನ್ನದ ಕಲ್ಲು ಉಗಿದ ಹಾಗೆ.
ಆಮೇಲೆ, ಅಮ್ಮ ಸಾಯುತ್ತಾಳೆ ಎಂದೆ.
ಹೋಗಿಬಿಡುತ್ತಾಳೆ ಎನ್ನಲಿಲ್ಲ:
ಹೋದವರು ಬಂದಾರೆಂದು ಕಿಟಕಿಗೆ ಕೂರುವ ವಯಸ್ಸು ಓಯ್ವನದು.
ನಿದ್ದೆ ಎನ್ನಲಿಲ್ಲ:
ರಾತ್ರಿ ಅವನೂ ಮಲಗಬೇಕಲ್ಲ.
ಯಾವಾಗ ಎಂದು ಹಿಲ್ಲಾ ಕೇಳಿದಳು. ಗೊತ್ತಿಲ್ಲ ಎಂದೆ,
ಗೊತ್ತಾದ ದಿನ ಹಲಗೆಯ ಮೇಲೆ ಬರೆದ ಹಾಗೆ ಹೇಳುತ್ತೇನೆ ಎಂದೆ.
ಆಗ ಅವಳು ಅತ್ತಳು, ಮೇಜು ಗುದ್ದಿ,
ತನ್ನ ಒಳ್ಳೆಯತನವನ್ನೆಲ್ಲ ನೆಲಕ್ಕೆ ಚೆಲ್ಲಿ.

ಓಯ್ವ ಬಹಳ ಹೊತ್ತು ಚಮಚ ತಿರುಗಿಸಿದ.
"ನಿದ್ದೆಯಲ್ಲಿ ನಾನು ಅಮ್ಮನ ಹೊಟ್ಟೆಗೆ ಒದ್ದಿದ್ದೆ.
ಕ್ರಿಸ್ಮಸ್ಸಿನ ರಾತ್ರಿ. ಎರಡು ಸಲ."

ಅಷ್ಟು ದಿನ ಒಬ್ಬನೇ ಹೊತ್ತಿದ್ದಾನೆ.
ಆ ಪಾದ ನನ್ನ ಅಂಗೈಯಷ್ಟೂ ಇಲ್ಲ.
ಅದರಿಂದ ಅಲ್ಲ, ಎಂದೆ. ಮೂರು ಸಲ ಹೇಳಬೇಕಾಯಿತು:
ಒದೆತಕ್ಕೊಂದು, ಒದೆತಕ್ಕೊಂದು, ಮೇಲೊಂದು.
ಮೂಗು ಒರೆಸಿಕೊಂಡು ಕೇಳಿದ:
"ಮಂಗಳವಾರ ಈಜಿಗೆ ಯಾರು ಕರಕೊಂಡು ಹೋಗ್ತಾರೆ?"

ಒಳಗಿನಿಂದ ಸಿಸ್ಕೊಳ ದನಿ, ನೂಲಿನಷ್ಟು:
"ಏನಂತೆ? ಏನು ಕೇಳಿದರು?"
"ಮಂಗಳವಾರದ್ದು," ಎಂದೆ.
ನಕ್ಕಳೋ, ಕೆಮ್ಮಿದಳೋ.
"ಅವನ ನೀಲಿ ಟವೆಲು ಸೌನಾದ ಗೂಟದಲ್ಲಿದೆ.
ಅದನ್ನೇ ಕೊಡು, ಬೇರೆಯದು ಮುಟ್ಟುವುದಿಲ್ಲ."

ಹಿಲ್ಲಾ ಎದ್ದು ತರಲು ಹೋದಳು.
ಹೋಗುವಾಗ ಅಮ್ಮನ ಕೋಣೆಯ ಬಾಗಿಲನ್ನು
ಗೋಡೆಗೆ ತಾಗುವವರೆಗೆ ತೆರೆದಿಟ್ಟಳು.